ಅವರೆಕಾಳಿನ ಬಾಯಿಗೆ ಸುಣ್ಣ

ಲೋಕ ಇನ್ನೂ ಹಸಿ ಮಡಕೆಯಂತಿದ್ದ ಕಾಲ. ಒಂದು ದಿನ ಬೆಳಗ್ಗೆ ಬೆಟ್ಟದ ಗವಿಯೊಳಗೆ ಒಂದು ಅವರೆಕಾಳು ಆಕಳಿಸಿತು.

ಇದು ಸಣ್ಣ ವಿಷಯವಲ್ಲ. ಕೂಡಲೇ ಸಭೆ ಸೇರಿತು. ನವಿಲು ಅಧ್ಯಕ್ಷಸ್ಥಾನ ವಹಿಸಿತು, ಏಕೆಂದರೆ ಅದರ ಬಾಲ ಎಲ್ಲರ ಬಾಲಕ್ಕಿಂತ ದೊಡ್ಡದಾಗಿತ್ತು.

ಆ ಕಾಲದಲ್ಲಿ ಅವರೆಕಾಳಿಗೆ ಬಾಯಿ ಇತ್ತು. ಒಂದೊಂದು ಮನೆಗೆ ಒಂದೊಂದು ಬಗೆಯ ಅವರೆ: ಕೆಂಪಿನದು, ಕಪ್ಪಿನದು, ಬೂದಿ ಬಣ್ಣದ್ದು. ನೀರಿಲ್ಲದ ಕಲ್ಲುಗುಡ್ಡದ ಮೇಲೆ ಇದ್ದ ಈರಜ್ಜಿಯ ಮನೆಯದು ಚುಕ್ಕೆ ಅವರೆ. ಅದು ಬರೀ ಇಬ್ಬನಿ ಕುಡಿದು ಬೆಳೆಯುತ್ತಿತ್ತು. ಅಜ್ಜಿ ಅದನ್ನು ತಿಂದು ಬದುಕುತ್ತಿದ್ದಳು.

ಆ ಆಕಳಿಕೆಗೂ ಮುಂಚೆ, ಒಂದು ವರ್ಷ ಯಾರದೋ ಮನೆಯ ಬೀಜಕ್ಕೆ ಹುಳ ಬಿತ್ತು.

“ಅವರೆ ಅಪಾಯದಲ್ಲಿದೆ. ಎಲ್ಲವನ್ನೂ ಕಾಪಾಡೋಣ” ಎಂದಿತು ನವಿಲು.

ಎಲ್ಲರೂ ತಮ್ಮ ಬೀಜಕ್ಕೆ ಕೆಮ್ಮಣ್ಣು ಹಚ್ಚಿ, ಒಣಗಿಸಿ, ಗವಿಗೆ ತಂದು ಸುರಿದರು. ಬಾಗಿಲಿಗೆ ಬಂಡೆ ಬಿತ್ತು. ಕಾವಲಿಗೆ ಓತಿಕ್ಯಾತ ಕೂತಿತು. ಬಿತ್ತುವುದಕ್ಕೆ ಎಲ್ಲ ಮನೆಗೂ ಒಂದೇ ಬಗೆಯ ದಪ್ಪ ಬಿಳಿ ಅವರೆ ಹಂಚಿದರು. ಒಂದೇ ಗಾತ್ರ, ಒಂದೇ ಬಣ್ಣ. ನೋಡುವುದಕ್ಕೆ ಬಹಳ ಶಿಸ್ತಾಗಿತ್ತು. ಗಿಡಕ್ಕೊಂದು ಕೊಡ ನೀರು ಬೇಡುತ್ತಿತ್ತು, ಅಷ್ಟೇ.

ಈರಜ್ಜಿಯ ಗುಡ್ಡದಲ್ಲಿ ಅದು ಮೊಳೆಯಲೇ ಇಲ್ಲ. ಅಜ್ಜಿ ಗವಿಗೆ ಬಂದಳು.

“ಏನಪ್ಪಾ ಓತಿಕ್ಯಾತ, ನನ್ನ ಚುಕ್ಕೆ ಅವರೆ ಕೊಡ್ತೀಯಾ?”

ಓತಿಕ್ಯಾತ ತಲೆಯಾಡಿಸಿತು.

“ಇವತ್ತೇ ಕೊಡ್ತೀಯಾ?”

ತಲೆಯಾಡಿಸಿತು.

“ಹಂಗಾದ್ರೆ ಬಂಡೆ ಸರಿಸು.”

ತಲೆಯಾಡಿಸಿತು. ಬಂಡೆ ಸರಿಯಲಿಲ್ಲ. ಸಂಜೆಯಾಯಿತು. ಅಜ್ಜಿ ಹಸಿದು ಮನೆಗೆ ಹೋದಳು.

ಕಾಳು ಆಕಳಿಸಿದ್ದು ಮಾರನೆಯ ಬೆಳಗ್ಗೆ. ಒಂದು ಆಕಳಿಸಿತೆಂದು ಇನ್ನೊಂದು ಎದ್ದಿತು. ಅದು ಎದ್ದಿತೆಂದು ಎಲ್ಲವೂ ಎದ್ದವು. “ಅಜ್ಜೀ, ನಮ್ಮನ್ನ ಬಿತ್ತು! ಒಳಗೆ ಸಾಯ್ತಾ ಇದೀವಿ!” ಎಂದು ಕೂಗಿದವು. ಗಾಳಿ ಬಂಡೆಯ ಸಂದಿಯಿಂದ ಆ ಕೂಗನ್ನು ಎತ್ತಿಕೊಂಡು ಹೋಗಿ ಗುಡ್ಡಕ್ಕೆ ತಲುಪಿಸಿತು.

ಸಭೆ ಇದನ್ನು ಗಂಭೀರವಾಗಿ ಪರಿಗಣಿಸಿತು.

“ಕಾಪಾಡುತ್ತಿರುವಾಗ ಹೀಗೆ ಗಲಾಟೆ ಮಾಡಿದರೆ ಕಾಪಾಡುವುದು ಹೇಗೆ?” ಎಂದು ನವಿಲು ಬೇಸರಪಟ್ಟುಕೊಂಡಿತು. ಒಂದೊಂದು ಕಾಳಿನ ಬಾಯಿಗೂ ಸುಣ್ಣ ಮೆತ್ತಿಸಿತು. ಗವಿ ಶಾಂತವಾಯಿತು. ಸಭೆ ಪರಸ್ಪರ ಅಭಿನಂದಿಸಿಕೊಂಡಿತು.

ಬೀಜದೊಳಗೆ ಇರುವುದು ಒಂದೇ ತುತ್ತು ಬುತ್ತಿ. ಮಣ್ಣಿಗೆ ಬಿದ್ದರೆ ಅದರಲ್ಲೇ ಮೊಳಕೆ ಬರುತ್ತದೆ. ಕತ್ತಲಲ್ಲಿ ವರ್ಷಗಟ್ಟಲೆ ಕೂತರೆ ಆ ಬುತ್ತಿ ಖಾಲಿಯಾಗುತ್ತದೆ. ಇದು ಇರುವೆಗೂ ಗೊತ್ತಿತ್ತು. ಇರುವೆಯನ್ನು ಸಭೆಗೆ ಕರೆದಿರಲಿಲ್ಲ.

ಅಜ್ಜಿ ಸೊಪ್ಪು ತಿಂದು, ಗೆಡ್ಡೆ ಅಗೆದು ದಿನ ದೂಡಿದಳು. ಪ್ರತಿ ಮುಂಗಾರಿಗೂ ಗವಿಗೆ ಬಂದಳು. ಪ್ರತಿ ಮುಂಗಾರಿಗೂ ಓತಿಕ್ಯಾತ ತಲೆಯಾಡಿಸಿತು.

ಕೊನೆಗೊಂದು ವರ್ಷ ಮಳೆ ಬರಲಿಲ್ಲ. ಬಿಳಿ ಅವರೆ ಊರಿಗೆ ಊರೇ ಒಟ್ಟಿಗೆ ಒಣಗಿ ನಿಂತಿತು. ಸಾಯುವಾಗಲೂ ಶಿಸ್ತು. ಜನ ಗವಿಗೆ ಓಡಿದರು. ಎಲ್ಲರಿಗಿಂತ ಮುಂದೆ ಈರಜ್ಜಿ ಇದ್ದಳು.

ಓತಿಕ್ಯಾತ ತಲೆಯಾಡಿಸಿತು. ಅಜ್ಜಿ ಪೊರಕೆಯಲ್ಲಿ ಅದನ್ನು ಬೇಲಿಗೆ ಗುಡಿಸಿದಳು. ಜನ ಬಂಡೆ ಉರುಳಿಸಿದರು.

ಒಳಗೆ ಕಾಳುಗಳು ರಾಶಿರಾಶಿಯಾಗಿದ್ದವು. ಮೊಳಕೆ ಬರಲೆಂದು ಅಜ್ಜಿ ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಳು. ರಾಶಿಗೆ ರಾಶಿಯೇ ಕೊಳೆತು ನಾರಿತು.

“ನೋಡಿ, ಒಂದಕ್ಕೂ ಹುಳ ಬಿದ್ದಿಲ್ಲ!” ಎಂದಿತು ನವಿಲು.

“ಹೆಣಕ್ಕೆ ಕಾವಲು ಕೂತು ಬಾಲ ಬಿಚ್ತೀಯೇನೋ!” ಅಜ್ಜಿಯ ಗಂಟಲು ಹರಿಯಿತು. “ಬಿತ್ತು ಬಿತ್ತು ಅಂತ ಅವು ಬಾಯಿಬಿಟ್ಟು ಕೇಳಿದ್ವಲ್ಲೋ! ಕೇಳಿದ ಬಾಯಿಗೇ ಮೆತ್ತಿದ್ರಲ್ಲೋ!”

ನವಿಲಿಗೆ ಬೇರೆ ಕಡೆ ಕೆಲಸವಿತ್ತು.

ಕಲ್ಲಿನ ಸಂದಿಯ ತಂಪಿನಲ್ಲಿ ಸಿಕ್ಕಿದ್ದ ಒಂದೇ ಒಂದು ಹಿಡಿ ಬದುಕಿತ್ತು. ಅದರಲ್ಲಿ ನಾಲ್ಕಾರು ಬಣ್ಣಗಳಿದ್ದವು, ಚುಕ್ಕೆಯದೂ ಇತ್ತು. ಒದ್ದೆಗೆ ಸುಣ್ಣ ಸಡಿಲವಾಗಿ ಮೊಳಕೆ ಹೊರಬಂತು. ಅಜ್ಜಿ ಅದನ್ನು ಗುಡ್ಡದಲ್ಲಿ ನೆಟ್ಟಳು. ಇಬ್ಬನಿ ಕುಡಿದು ಬೆಳೆಯಿತು.

ಕೇಳಿದವರಿಗೆಲ್ಲ ಅಜ್ಜಿ ಬೀಜ ಕೊಟ್ಟಳು. “ಒಂದು ಹಿಡಿ ತಗೊಂಡ್ಹೋಗಿ ಬಿತ್ತಿ, ಬೆಳೆದ ಮೇಲೆ ಎರಡು ಹಿಡಿ ತಂದ್ಕೊಡಿ. ಬಚ್ಚಿಟ್ಟೀರಾ, ಜೋಕೆ!”

ಅವರೆ ಮಾತ್ರ ಅಜ್ಜಿಯನ್ನೂ ನಂಬಲಿಲ್ಲ. ಕಾಯಿ ಒಣಗಿದ್ದೇ ತಡ, ಚಟ್ಟನೆ ಒಡೆದು ಕಾಳನ್ನು ಮಣ್ಣಿಗೆ ಎಸೆಯಿತು. ಒಂದು ಕಾಳು ಅಜ್ಜಿಯ ಮೂಗಿಗೇ ಬಡಿಯಿತು.

“ಬಡಿ, ಇನ್ನೂ ಬಡಿ. ನಾನೂ ಗವಿಗೆ ತಂದು ಸುರಿದವಳೇ” ಎಂದಳು ಅಜ್ಜಿ.

ಮಗೂ, ಒಂದು ಅವರೆಕಾಳು ಕೈಯಲ್ಲಿ ಹಿಡಿದು ನೋಡು. ಅಂಚಿನಲ್ಲಿ ಬಿಳಿ ಗೆರೆಯಿದೆ. ಅದು ಆ ಸುಣ್ಣ. ಒಣಗಿದ ಕಾಯಿ ಬಿಸಿಲಿಗೆ ಈಗಲೂ ಚಟ್ಟನೆ ಸಿಡಿಯುತ್ತದೆ. ಓತಿಕ್ಯಾತ ಬೇಲಿಯ ಮೇಲೆ ಕೂತು ತಲೆಯಾಡಿಸುತ್ತಲೇ ಇದೆ. ಗವಿಯಲ್ಲಿ ಸತ್ತ ಅವರೆಗಳು ಯಾವ ಯಾವ ಬಣ್ಣದವಾಗಿದ್ದವು ಎಂಬುದು ಈಗ ಯಾರಿಗೂ ಗೊತ್ತಿಲ್ಲ.