ಮಳೆಗಾಲಕ್ಕೆ ನಿಂತ ಗಾಲಿಮಠ

ಸಂನ್ಯಾಸಿಗಳ ಕಾಲಿಗೂ ಒಂದಿಷ್ಟು ಬಿಡುವಿರಲಿ ಎಂದೇ ಭಗವಂತ ಮಳೆಗಾಲವನ್ನು ಇಟ್ಟಿದ್ದಾನೆ ಎಂದು ಹಿರಿಯರು ಹೇಳುತ್ತಾರೆ. ನೆಲದಲ್ಲಿ ಹುಳುಹುಪ್ಪಟೆ ಹುಟ್ಟುವ ಕಾಲ, ತುಳಿದರೆ ಪಾಪ. ಹಾಗಾಗಿ ಚಾತುರ್ಮಾಸ್ಯದಲ್ಲಿ ಯತಿಗಳು ಊರೂರು ಅಲೆಯದೆ ಒಂದೇ ಕಡೆ ನಿಲ್ಲುತ್ತಾರೆ.

ವರದಾ ನದಿಯ ದಂಡೆಯ ಆಶ್ರಮದಲ್ಲಿ ವಿಮಲಬೋಧರೂ ಹಾಗೆಯೇ ನಿಲ್ಲುತ್ತಿದ್ದರು.

ಉಳಿದ ದಿನಗಳಲ್ಲಿ ಅವರದು ಸಂಚಾರ. ಮಂಡಿನೋವು ಬಂದ ಮೇಲೆ ಭಕ್ತರೊಬ್ಬರು ಜೀಪಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯೊಂದನ್ನು ಮಾಡಿಸಿ ಕೊಟ್ಟಿದ್ದರು. ಒಳಗೆ ಒಂದು ಮಂಚ, ಒಂದು ಒಲೆ, ಪರಮಗುರುಗಳ ಪಾದುಕೆ ಇಡಲು ಒಂದು ಗೂಡು. ಗೂಡಿನಲ್ಲಿ ಬೆರಳುದ್ದದ ವಿದ್ಯುದ್ದೀಪ. ಮಂಚದ ಕೆಳಗೆ ಬ್ಯಾಟರಿ. ಜನ ಅದನ್ನು ಗಾಲಿಮಠ ಎಂದು ಕರೆಯುತ್ತಿದ್ದರು.

ಗಾಲಿಮಠದ ಸಕಲ ಸೇವೆಯೂ ಶಿಷ್ಯ ಪುಂಡಲೀಕನದು. ಆಶ್ರಮಕ್ಕೆ ಬಂದ ದಿನದಿಂದ ಅವನು ಗುರುಗಳ ನೆರಳನ್ನು ಬಿಟ್ಟು ಹೋದವನಲ್ಲ.

ಆಷಾಢ ಹುಣ್ಣಿಮೆಯ ಹಿಂದಿನ ದಿನ ಗಾಲಿಮಠ ಆಶ್ರಮದ ಹಿತ್ತಿಲಿಗೆ ಬಂದು ನಿಂತಿತು. ಜೀಪು ತನ್ನ ಊರಿಗೆ ಹೋಯಿತು. ಗುರುಗಳು ಪಾದುಕೆಗಳನ್ನು ತಾವೇ ಎದೆಗವಚಿಕೊಂಡು ಒಳಗೆ ತಂದು ಪೀಠದ ಮೇಲಿಟ್ಟರು.

"ಪುಂಡಲೀಕಾ, ಗಾಲಿಮಠವನ್ನು ಮಲಗಿಸಿಬಿಡಪ್ಪಾ. ಬ್ಯಾಟರಿಯ ತಂತಿ ಬಿಚ್ಚು. ಮೊದಲು ಕಪ್ಪು, ಆಮೇಲೆ ಕೆಂಪು. ಮೇಲೆ ತಾಡಪತ್ರಿ ಹೊದಿಸು."

"ಅಪ್ಪಣೆ, ಗುರುಗಳೇ."

"ಅದು ಮುಗಿದ ಮೇಲೆ ನಿನ್ನ ಬಟ್ಟೆಗಂಟು ಕಟ್ಟಿಕೋ. ಅಕ್ಕನ ಮನೆಗೆ ಹೋಗಿ ಬಾ."

ಪುಂಡಲೀಕನ ಮುಖ ಬಾಡಿತು.

ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ ಸುಭದ್ರೆ. ಎಷ್ಟೋ ಹರಕೆಗಳ ಮೇಲೆ ಅವಳಿಗೊಂದು ಹೆಣ್ಣುಮಗು ಹುಟ್ಟಿತ್ತು. ಶ್ರಾವಣದಲ್ಲಿ ಕಿವಿ ಚುಚ್ಚುವ ಶಾಸ್ತ್ರ. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಬೇಕು. ಅವಳು ಆಶ್ರಮಕ್ಕೆ ಫೋನು ಮಾಡಿ, "ನೀನು ಬರದಿದ್ದರೆ ನನ್ನ ಮಗಳು ಯಾರ ತೊಡೆಯ ಮೇಲೆ ಕೂರಬೇಕೋ, ಸನ್ಯಾಸಿ?" ಎಂದು ಬೈದಿದ್ದಳು. ಬೈಯುತ್ತಾ ಅತ್ತಿದ್ದಳು.

"ಗುರುಗಳೇ, ನನ್ನನ್ನು ಕಳಿಸಬೇಡಿ."

"ಯಾಕೋ?"

"ಆ ಹೊಸ್ತಿಲು ದಾಟಿದರೆ ಮನಸ್ಸು ಅಲ್ಲೇ ಅಂಟಿಕೊಂಡೀತು. ಇಲ್ಲಿಯ ಎಳೆ ಒಮ್ಮೆ ಕಡಿದರೆ ಮತ್ತೆ ಕೂಡೀತೇ? ನನಗೆ ಭಯವಾಗುತ್ತದೆ."

ಗುರುಗಳು ಅವನನ್ನು ನೋಡಿ ನಕ್ಕರು.

ಪುಂಡಲೀಕ ಸ್ಪ್ಯಾನರ್ ಹಿಡಿದು ಗಾಲಿಮಠದೊಳಗೆ ಹೋದ. ಮಂಚದ ಹಲಗೆ ಎತ್ತಿದ. ಕಪ್ಪು ತಂತಿಗೆ ಕೈ ಹಾಕಬೇಕು, ಅಷ್ಟರಲ್ಲಿ ಗೂಡಿನ ದೀಪ ಕಣ್ಣಿಗೆ ಬಿತ್ತು.

ಪಾದುಕೆ ಒಳಗೆ ಹೋಗಿದ್ದವು ನಿಜ. ಆದರೆ ಪಾದುಕೆ ಇದ್ದ ಜಾಗ ಪಾದುಕೆಯಷ್ಟೇ ಪವಿತ್ರವಲ್ಲವೇ? ಈ ಬಾರಿ ಹೊರಡುವ ದಿನ ಗುರುಗಳೇ ತಮ್ಮ ಕೈಯಿಂದ ಹಚ್ಚಿದ ದೀಪ. ಅದನ್ನು ಆರಿಸುವ ಕೈ ಯಾವುದು?

ಗೂಡನ್ನು ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡು, ಹಲಗೆ ಮುಚ್ಚಿದ. ತಾಡಪತ್ರಿ ಹೊದಿಸಿ ಹಗ್ಗ ಬಿಗಿದ.

"ಮಲಗಿತೇನೋ?" ಎಂದು ಗುರುಗಳು ಕೇಳಿದರು.

"ಮಲಗಿತು, ಗುರುಗಳೇ" ಎಂದ. ಹೇಳುವಾಗ ನೆಲ ನೋಡಿದ.

ವ್ರತ ಸಂಕಲ್ಪವಾಯಿತು. ಪುಂಡಲೀಕ ಅಕ್ಕನ ಮನೆಗೆ ಹೋಗಲಿಲ್ಲ. ಹೋಗದೆ ಉಳಿದದ್ದಕ್ಕೆ ಏನಾದರೂ ಮಾಡಬೇಕಲ್ಲ ಎಂದು ಸೇವೆಯನ್ನು ದುಪ್ಪಟ್ಟು ಮಾಡಿದ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದ. ತುಂಬಿದ ಕೊಡಗಳನ್ನು ಚೆಲ್ಲಿ ಮತ್ತೆ ತುಂಬಿದ. ಗುರುಗಳು ನಿದ್ದೆ ಮಾಡಿದರೂ ಬಾಗಿಲಲ್ಲಿ ಕುಳಿತು ಜಪ ಮಾಡಿದ.

ಅಡುಗೆಯ ಗಂಗಕ್ಕನಿಗೆ ಇದು ಹಿಡಿಸಲಿಲ್ಲ.

"ನಿನ್ನ ಭಕ್ತಿ ನೋಡಿ ನನಗೇ ಆಯಾಸ ಬರುತ್ತಿದೆ ಮಾರಾಯ. ದೇವರಿಗೂ ಬಂದಿರಬೇಕು, ಪಾಪ. ಕೂತ್ಕೊಂಡು ಎರಡು ತುತ್ತು ತಿನ್ನು."

"ಹಸಿವಿಲ್ಲ ಗಂಗಕ್ಕ."

"ಹೌದು ಹೌದು. ಕನ್ನಡಿ ನೋಡಿಕೋ. ಕೆನ್ನೆಯ ಹಳ್ಳದಲ್ಲಿ ಒಂದು ಸೇರು ಅಕ್ಕಿ ಅಳೆಯಬಹುದು."

ಮಳೆ ಬಿಡುವು ಕೊಟ್ಟ ಒಂದು ಬೆಳಗ್ಗೆ, ದೀಪದ ದರ್ಶನ ಮಾಡೋಣವೆಂದು ಪುಂಡಲೀಕ ತಾಡಪತ್ರಿಯ ಅಂಚು ಎತ್ತಿ ಗಾಲಿಮಠದೊಳಗೆ ಇಣುಕಿದ.

ಗೂಡು ಕತ್ತಲಾಗಿತ್ತು.

ಒತ್ತುಗುಂಡಿ ಒತ್ತಿದ. ಮತ್ತೆ ಒತ್ತಿದ. ಬೆಳಕು ಬರಲಿಲ್ಲ.

ಗುರು ಹಚ್ಚಿದ ದೀಪ ತಾನಾಗಿ ಆರಿದೆ ಎಂದರೆ ತನ್ನ ಸೇವೆಯಲ್ಲೇ ಕೊರತೆ ಇರಬೇಕು. ಇಷ್ಟು ಮಾಡಿದ್ದು ಸಾಲದು! ಅವನು ಯಾರಿಗೂ ಹೇಳಲಿಲ್ಲ. ಅಂದಿನಿಂದ ಊಟವನ್ನೇ ಬಿಟ್ಟ.

ಮರುದಿನ ಮಧ್ಯಾಹ್ನದ ಮಂಗಳಾರತಿಯಲ್ಲಿ ಗಂಟೆ ಬಾರಿಸುತ್ತಿದ್ದವನು ಗಂಟೆಯ ಸಮೇತ ಕುಸಿದು ಬಿದ್ದ.

ಕಣ್ಣು ಬಿಟ್ಟಾಗ ತಲೆ ಗುರುಗಳ ತೊಡೆಯ ಮೇಲಿತ್ತು. ಗಂಗಕ್ಕ ಬೆಲ್ಲದ ನೀರು ಕುಡಿಸುತ್ತಿದ್ದಳು, ಬೈಗುಳದ ಜೊತೆಗೆ.

"ಗುರುಗಳೇ, ದೀಪ ಆರಿಹೋಯಿತು" ಎಂದು ಪುಂಡಲೀಕ ಬಿಕ್ಕಿದ. "ನಾನು ಸುಳ್ಳು ಹೇಳಿದೆ. ತಂತಿ ಬಿಚ್ಚಿರಲಿಲ್ಲ. ನೀವು ಹಚ್ಚಿದ ದೀಪ ಆರಿಸಲು ಮನಸ್ಸು ಬರಲಿಲ್ಲ. ಆದರೂ ಆರಿತು. ಇದು ಅಪಶಕುನ."

"ಶಕುನವಲ್ಲ ಕಣೋ, ಬ್ಯಾಟರಿ" ಎಂದರು ಗುರುಗಳು. "ನಡೆ, ನೋಡೋಣ. ಮೊದಲು ಗಂಗಕ್ಕನ ಅನ್ನ ಉಣ್ಣು. ಇಲ್ಲದಿದ್ದರೆ ಅವಳು ನನಗೂ ಹಾಕುವುದಿಲ್ಲ."

ಉಂಡ ಮೇಲೆ ಇಬ್ಬರೂ ಹಿತ್ತಿಲಿಗೆ ಹೋದರು. ಬ್ಯಾಟರಿಯನ್ನು ಹೊತ್ತು ತಂದು ಜಗುಲಿಯ ಹಲಗೆಯ ಮೇಲಿಟ್ಟು ಚಾರ್ಜರಿಗೆ ಹಚ್ಚಿದರು. ಮಿಕ್ಸರಿಗಿದ್ದ ಒಂದೇ ಪ್ಲಗ್ಗು ಹೋಯಿತೆಂದು ಗಂಗಕ್ಕ ಗೊಣಗುತ್ತಾ ಒರಳಿನ ಮುಂದೆ ಕುಳಿತಳು.

ಗುರುಗಳು ಬ್ಯಾಟರಿಯ ಮೇಲಿನ ಧೂಳನ್ನು ತಾವು ಹೊದ್ದ ಕಾವಿ ಶಾಟಿಯ ಅಂಚಿನಿಂದ ಒರೆಸಿದರು.

"ಅಷ್ಟು ಸಣ್ಣ ದೀಪ" ಎಂದ ಪುಂಡಲೀಕ. "ಇಷ್ಟು ದೊಡ್ಡ ಬ್ಯಾಟರಿಯನ್ನು ಅದು ಹೇಗೆ ಬರಿದು ಮಾಡಿತು?"

"ಸಣ್ಣದೇ. ಆದರೆ ಬಿಡುವಿಲ್ಲ. ಸಂಚಾರದಲ್ಲಿ ಓಡುವ ಜೀಪು ಇದಕ್ಕೆ ತುಂಬುತ್ತಿತ್ತು. ನಿಂತ ಮೇಲೆ ಕೊಡುವುದೊಂದೇ, ತುಂಬುವವರು ಯಾರು?"

ಪುಂಡಲೀಕ ಬ್ಯಾಟರಿಯ ಮೇಲೆ ಕೈಯಾಡಿಸಿದ.

"ಹೋಗಲಿ, ಆ ದೀಪ ಯಾರಿಗೆ ಬೆಳಕು ಕೊಡುತ್ತಿತ್ತು?"

"ಪಾದುಕೆಗೆ."

"ಪಾದುಕೆ ಒಳಗಿವೆಯಲ್ಲ?"

"ಪಾದುಕೆ ಇದ್ದ ಜಾಗಕ್ಕೆ."

"ಅಲ್ಲಿ ಈಗ ಯಾರಿದ್ದಾರೆ?"

ಪುಂಡಲೀಕ ಮೆಲ್ಲಗೆ ಹೇಳಿದ: "ಇರುವೆಗಳು, ಗುರುಗಳೇ."

"ಒಳ್ಳೆಯದಾಯಿತು. ಅವಕ್ಕೂ ಒಂದು ದೀಪಾವಳಿ."

ಶಿಷ್ಯನಿಗೆ ಅಳುವಿನ ನಡುವೆಯೇ ನಗು ಬಂತು.

ಬ್ಯಾಟರಿ ತುಂಬಿತು. ಗುರುಗಳು ಅದನ್ನು ಮತ್ತೆ ಗಾಲಿಮಠದಲ್ಲಿ ಇರಿಸಿ ತಂತಿ ಜೋಡಿಸಲು ಹೇಳಿದರು. ಗೂಡಿನ ದೀಪ ಹೊತ್ತಿತು. ಪುಂಡಲೀಕ ಕೈಮುಗಿದ.

"ಈಗ ಬಿಚ್ಚು."

ಅವನ ಕೈಯಲ್ಲಿ ಸ್ಪ್ಯಾನರ್ ತಿರುಗಲೊಲ್ಲದು. ಗುರುಗಳು ಬಗ್ಗಿ ಅವನ ಕೈಯ ಮೇಲೆ ತಮ್ಮ ಕೈ ಇಟ್ಟರು. ಕಪ್ಪು ತಂತಿ ಬಿಚ್ಚಿಕೊಂಡಿತು. ದೀಪ ಆರಿತು. ಕೆಂಪು ತಂತಿಯನ್ನು ಪುಂಡಲೀಕ ಒಬ್ಬನೇ ಬಿಚ್ಚಿದ. ತಂತಿಯ ತುದಿಗಳಿಗೆ ಬಟ್ಟೆ ಸುತ್ತಿದರು.

"ಮುಟ್ಟಬೇಡ. ನಾನು ಕರೆದಾಗ ಬಾ" ಎಂದರು ಗುರುಗಳು.

ಆಷಾಢದ ಉಳಿದ ದಿನವೆಲ್ಲ ಮಳೆ ಸುರಿಯಿತು. ವರದೆ ಕೆಂಪಾಗಿ ಹರಿದಳು. ಗುರುಗಳ ಅಪ್ಪಣೆಯಂತೆ ಪುಂಡಲೀಕ ದಿನವೂ ಉಂಡ, ಹೊತ್ತಿಗೆ ಸರಿಯಾಗಿ ಮಲಗಿದ. ಕೆಲಸವಿಲ್ಲದ ಹೊತ್ತಿನಲ್ಲಿ ನದಿಯ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತ. ಮೊದಮೊದಲು ಅದು ಅಂಗಳ ಗುಡಿಸುವುದಕ್ಕಿಂತ ಕಷ್ಟವಾಯಿತು.

ಶ್ರಾವಣದ ಮೊದಲ ಸೋಮವಾರ ಗುರುಗಳು ಕರೆದರು.

"ಜೋಡಿಸು. ಈಗ ಮೊದಲು ಕೆಂಪು, ಆಮೇಲೆ ಕಪ್ಪು."

ಪುಂಡಲೀಕ ಉಸಿರು ಬಿಗಿಹಿಡಿದು ಜೋಡಿಸಿದ.

ದೀಪ ಥಟ್ಟನೆ ಹೊತ್ತಿತು, ಅಂದಿನಷ್ಟೇ ಬೆಳ್ಳಗೆ.

ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಯಾರೂ ಹೇಳದೆಯೇ ಸ್ಪ್ಯಾನರ್ ಎತ್ತಿಕೊಂಡ. ಕಪ್ಪು ತಂತಿ ಬಿಚ್ಚಿದ. ಕೆಂಪು ತಂತಿ ಬಿಚ್ಚಿದ. ಈ ಸಲ ಸ್ಪ್ಯಾನರ್ ಸಲೀಸಾಗಿ ತಿರುಗಿತು.

"ಗುರುಗಳೇ, ಅಕ್ಕನ ಊರಿಗೆ ಬಸ್ಸು ಎಷ್ಟು ಹೊತ್ತಿಗೆ?"

"ಗಂಗಕ್ಕನನ್ನು ಕೇಳು. ಅವಳು ಆಗಲೇ ನಿನ್ನ ಬುತ್ತಿ ಕಟ್ಟಿದ್ದಾಳೆ."

ಗಂಗಕ್ಕ ಬುತ್ತಿಯ ಜೊತೆಗೆ ಮಗುವಿಗೆಂದು ಒಂದು ಕುಲಾವಿಯನ್ನೂ ಕೊಟ್ಟಳು. "ಚುಚ್ಚುವಾಗ ಮಗು ಅಳುತ್ತದೆ. ನೀನು ಅಳಬೇಡ. ಮರ್ಯಾದೆ ಹೋಗುತ್ತದೆ, ಸೋದರಮಾವ!"

ಗುರುಗಳು ಆಶ್ರಮದ ಹೆಬ್ಬಾಗಿಲವರೆಗೆ ಬಂದರು. ವ್ರತದಲ್ಲಿ ಅವರು ಅದಕ್ಕಿಂತ ಮುಂದೆ ಬರುವಂತಿಲ್ಲ.

ಪುಂಡಲೀಕ ಸಾಷ್ಟಾಂಗ ಬಿದ್ದು ಎದ್ದ. ನಾಲ್ಕು ಹೆಜ್ಜೆ ಹೋದ. ತಿರುಗಿ ಬಂದ.

"ಮತ್ತೇನೋ?"

"ಗುರುಗಳೇ, ಅಲ್ಲಿ ಮಗುವಿನ ಮುಖ ನೋಡುತ್ತಾ ನೋಡುತ್ತಾ... ನಾನು ನಿಮ್ಮನ್ನು ಮರೆತುಬಿಟ್ಟರೆ?"

ವಿಮಲಬೋಧರು ಅವನ ಹೆಗಲ ಮೇಲಿನ ಗಂಟನ್ನು ಸರಿಪಡಿಸಿದರು.

"ಮರೆತರೆ ಮರೆ, ಮಗೂ. ಈ ಮಳೆಗಾಲಕ್ಕೆ ನೆನಪಿಟ್ಟುಕೊಳ್ಳುವ ಕೆಲಸ ನನ್ನದು."