ಬನವ್ವನ ಕಂಬಳಿ ಪರದೆ

ಬಹಳ ಹಿಂದೆ, ನಮ್ಮ ಹಳ್ಳಕ್ಕೆ ಸೇತುವೆ ಇಲ್ಲದ ಕಾಲಕ್ಕೆ, ಒಂದೂರಲ್ಲಿ ಒಂದು ಉದ್ದನೆಯ ಮಗ್ಗದ ಮನೆ ಇತ್ತು. ಎಷ್ಟು ಉದ್ದ ಅಂದರೆ, ಈ ತುದಿಗೆ ಕೂಸು ಅತ್ತರೆ ಆ ತುದಿಯ ತಾಯಿಗೆ ಕೇಳಿಸುತ್ತಿರಲಿಲ್ಲ ಅಂತಾರೆ. ಊರ ನೇಕಾರರೆಲ್ಲ ಅದೊಂದೇ ಸೂರಿನ ಕೆಳಗೆ ನೇಯುತ್ತಿದ್ದರು. ಮಗ್ಗದ ಮಗ್ಗುಲಿಗೇ ಕೂಸುಗಳ ತೊಟ್ಟಿಲು. ಮನೆಯ ಕೊನೆಗೆ ಒಲೆಮನೆ. ಅಲ್ಲಿ ನೂಲಿಗೆ ಹಾಕುವ ಗಂಜಿ ಕುದಿಯುತ್ತಿತ್ತು, ಬಣ್ಣದ ಹಂಡೆ ಕಾಯುತ್ತಿತ್ತು. ನಡುವಿನ ಗೋಡೆಯಲ್ಲಿ ಎತ್ತಿನ ಗಾಡಿ ಹೋಗುವಷ್ಟು ಅಗಲದ ದಾರಿ ಬಿಟ್ಟಿದ್ದರು. ಕದ ಇಡಲಿಲ್ಲ. ಹಸಿ ನೂಲಿನ ಗಳ ಹೊತ್ತು ದಿನವೆಲ್ಲ ಓಡಾಡುವವರಿಗೆ ಕದ ಅಡ್ಡ ಬರುತ್ತಿತ್ತು ನೋಡಿ.

ಆ ಮನೆಯ ನೇಕಾರಗಿತ್ತಿ ಬನವ್ವ. ಸೀರೆಯ ಅಂಚು ನೇಯುವುದರಲ್ಲಿ ಅವಳ ಕೈ ಮುಂದು, ಜಗಳದಲ್ಲಿ ಬಾಯಿ ಮುಂದು ಅಂತಾರೆ. ಗಂಡ ಕಾಳಿಂಗಪ್ಪ ಒಲೆಮನೆಯಲ್ಲಿ ಗಂಜಿ ಕಾಸುವವ. ಸಾವಕಾಶದ ಮನುಷ್ಯ, ದೊಡ್ಡ ಮೀಸೆ, ಎಲ್ಲದಕ್ಕೂ ನಾಳೆ ಅನ್ನುವವ.

ಒಂದು ಬೇಸಿಗೆಗೆ ಆಚೆ ಊರಿನ ಮಗ್ಗದ ಮನೆ ಸುಟ್ಟಿತು. ಒಲೆಯ ಕಿಡಿ ಮೊದಲ ಮಗ್ಗದ ನೂಲು ಹಿಡಿಯಿತು, ಅಲ್ಲಿಂದ ಪಕ್ಕದ್ದು, ಅಲ್ಲಿಂದ ಅದರ ಪಕ್ಕದ್ದು. ಬನವ್ವ ಹೋಗಿ ನೋಡಿ ಬಂದಳು. ಸುಟ್ಟ ತೊಟ್ಟಿಲ ಹಗ್ಗ ಇನ್ನೂ ತೊಲೆಗೆ ನೇತಾಡುತ್ತಿತ್ತಂತೆ. ಬಂದವಳೇ ದೈವದ ಹಿರಿಯರ, ಅಂದರೆ ಊರ ಪಂಚರ ಮುಂದೆ ನಿಂತಳು. ಆ ದಾರಿಗೊಂದು ಪರದೆ ಬೇಕು, ಬೆಂಕಿ ಬಿದ್ದಾಗ ಕೆಳಗಿಳಿಯಬೇಕು ಅಂದಳು. ಬಟ್ಟೆಯಿಂದ ಬೆಂಕಿ ತಡೀತಾಳಂತೆ ಅಂತ ಎಲ್ಲರೂ ನಕ್ಕರು.

ಬನವ್ವ ಅಂಗಳದಲ್ಲಿ ಹಗ್ಗ ಕಟ್ಟಿದಳು. ಊರವರು ಹೆಮ್ಮೆಯಿಂದ ತಂದ ದಪ್ಪ ನೂಲಿನ ಜಮಖಾನ ಹಾಕಿದಳು, ಗೋಣಿ ಹಾಕಿದಳು, ಕುರುಬರ ಹಟ್ಟಿಯಿಂದ ತಂದ ಕರಿಕಂಬಳಿ ಹಾಕಿದಳು. ಒಂದೊಂದಕ್ಕೂ ಕೊಳ್ಳಿ ತೋರಿಸಿದಳು. ಜಮಖಾನ ಬೆಂಕಿಯನ್ನು ಮೇಲಕ್ಕೆ ಹತ್ತಿಸಿಕೊಂಡಿತು. ಗೋಣಿ ಸದ್ದಿಲ್ಲದೆ ಒಳಗೊಳಗೇ ಉರಿದು ಬೂದಿಯಾಯಿತು. ಕಂಬಳಿ ಮಾತ್ರ ಕಮಟು ವಾಸನೆ ಬಿಟ್ಟಿತು, ಕರಿಕಾಯಿತು, ಕೊಳ್ಳಿ ತೆಗೆದರೆ ತಾನೇ ಆರಿತು.

“ನೇಕಾರರ ಮನ್ಯಾಗ ಕುರಿ ವಾಸನಿ ಬರ್ತದಲ್ಲಬೇ!” ಅಂತ ಒಬ್ಬ ಹಿರಿಯ ಮೂಗು ಮುಚ್ಚಿದ.

“ಸುಟ್ಟ ವಾಸನಿಗಿಂತ ಚಲೋ ಇರ್ತದ, ಯಜ್ಜಾ” ಅಂದಳು.

ಕಂಬಳಿಗಳನ್ನು ಎರಡು ಪದರ ಮಾಡಿ ಹೊಲಿದಳು. ಬೆಂಕಿ ಬೇಗ ಹಿಡಿಯದಿರಲಿ ಅಂತ ಬಣ್ಣದವರ ಪಟಿಕದ ನೀರಲ್ಲಿ ನೆನೆಸಿ ಒಣಗಿಸಿದಳು. ಗಾಳಿಗೆ ಹಾರದಂತೆ ಕೆಳಗಂಚಿಗೆ ಕಬ್ಬಿಣದ ಸಲಾಕೆ, ಹೊಗೆ ನುಸುಳದಂತೆ ಎರಡೂ ಕಡೆ ಪರದೆಯ ಅಂಚು ಕೂರಲು ಕಲ್ಲಿನಲ್ಲಿ ಕೊರೆದ ಸಂದು. ಮೇಲೆ ಸುತ್ತಿಟ್ಟು ಒಂದೇ ಹಗ್ಗಕ್ಕೆ ಸರಗುಣಿಕೆ ಹಾಕಿದಳು. ಎಳೆದರೆ ಬಿಚ್ಚಬೇಕು, ಬಿಚ್ಚಿದರೆ ಬೀಳಬೇಕು. ಪರದೆ ಬಿದ್ದರೆ ಆಚೆ ಇದ್ದವರ ಗತಿ? ಅದಕ್ಕೆ ಒಲೆಮನೆಯ ಹಿಂಗೋಡೆ ಒಡೆಸಿ ಬಾಗಿಲು ಇಡಿಸಿದಳು.

ಮಾಡಿದ್ದಕ್ಕಿಂತ ಕಾಯ್ದದ್ದು ದೊಡ್ಡದು ಅಂತಾರೆ. ಪ್ರತಿ ಅಮಾವಾಸ್ಯೆ ಪರದೆ ಇಳಿಸುವಳು, ನುಸಿ ತಿಂದಿದೆಯೋ ಅಂತ ಬೆಳಕಿಗೆ ಹಿಡಿಯುವಳು, ಬೇವಿನ ಸೊಪ್ಪು ಇಡುವಳು. ಯಾರೋ ತೂತಿಗೆ ಹತ್ತಿನೂಲಿನ ತೇಪೆ ಹಾಕಿದ್ದಕ್ಕೆ ಅದನ್ನು ಹಲ್ಲಿನಿಂದ ಕಿತ್ತು ಉಣ್ಣೆಯದು ಹಾಕಿದಳು. ಮದುವೆಗೆ ಚೆಂದ ಕಾಣಲಿ ಅಂತ ಹುಡುಗಿಯರು ಪರದೆಯನ್ನು ಬಿಗಿದು ಹೂ ಕಟ್ಟಿದಾಗ ಮದುಮಗಳ ಎದುರಿಗೇ ಬೈದಳು. ಪರದೆ ಬೀಳುವ ಜಾಗದಲ್ಲಿ ನೂಲಿನ ಗಂಟಿಟ್ಟವರ ಗಂಟು ಅಂಗಳದಲ್ಲಿರುತ್ತಿತ್ತು.

ಆದರೆ ಮನೆಯ ಗಂಡನನ್ನು ಏನು ಮಾಡುವುದು? ಕಾಳಿಂಗಪ್ಪ ಒಲೆಗೆ ತಂದ ಹತ್ತಿಕಟ್ಟಿಗೆಯನ್ನು ಹಿಂದಿನ ಬಾಗಿಲಿಗೇ ಒಟ್ಟುತ್ತಿದ್ದ. ನೆರಳಿರುತ್ತದೆ, ಕೈಗೂ ಹತ್ತಿರ. “ನಾಳಿ ತೆಗೀತೀನಿ ಬಿಡು” ಅನ್ನುವ. ಒಂದು ಸಂಜೆ ಬನವ್ವ ಬೈಯಲಿಲ್ಲ. ಒಟ್ಟಿದ ಕಟ್ಟಿಗೆ ನೋಡಿದಳು, ಮಾತು ಬಿಟ್ಟಳು. ಊಟಕ್ಕೂ ಕರೆಯದೆ ತಾಟು ಮುಂದಿಟ್ಟು ಎದ್ದು ಹೋದಳು.

ಮಾರನೇ ದಿನ ಹೊತ್ತೇರಿದಾಗ ಗಾಳಿ ಎದ್ದಿತು. ಒಲೆಯ ಕಿಡಿ ಹಾರಿ ಒಲೆಯ ಮಗ್ಗುಲಲ್ಲಿದ್ದ ಕಟ್ಟಿಗೆ ಹಿಡಿಯಿತು. ಒಲೆಮನೆಯ ಹೆಂಗಸರು ಚೀರುತ್ತ ಮಗ್ಗದ ಕಡೆ ಓಡಿ ಬಂದರು. ಕಾಳಿಂಗಪ್ಪ ಹಂಡೆಯ ಆಚೆ ಇದ್ದ. ಅವನಿಗೂ ದಾರಿಗೂ ನಡುವೆ ಉರಿ.

ಬನವ್ವ ಹಗ್ಗ ಹಿಡಿದಳು.

“ತಡೀ ಬನವ್ವಾ! ನಿನ್ನ ಗಂಡ ಆಚಿಗದಾನ!” ಅಂದರು. ನೀರು ಹಾಕೋಣ, ಒಂದಿಷ್ಟು ನೋಡೋಣ ಅಂದರು. ಕಿಡಿ ಆಗಲೇ ಈಚೆ ಹಾರುತ್ತಿತ್ತು. ಸಾಲಿನುದ್ದಕ್ಕೂ ತೊಟ್ಟಿಲು. ಹಿಂದಿನ ಬಾಗಿಲಿಗೆ ನಿನ್ನೆ ಒಟ್ಟಿದ ಕಟ್ಟಿಗೆ ಇನ್ನೂ ಇದೆಯೋ ಇಲ್ಲವೋ, ಅವಳಿಗೆ ಗೊತ್ತಿಲ್ಲ. ಬೆಳಿಗ್ಗೆ ಕೇಳಿರಲೂ ಇಲ್ಲ, ಮಾತೇ ಬಿಟ್ಟಿದ್ದಳಲ್ಲ.

“ಹಿಂದಿನ ಬಾಗಲಾ!” ಅಂತ ಒದರಿ ಎಳೆದಳು.

ಪರದೆ ಬಿತ್ತು. ಎಳೆಯುವಾಗ ಅವಳು ಗಂಡನ ಕಡೆ ನೋಡಲಿಲ್ಲ ಅಂತಾರೆ. ನೋಡಿದಳು, ಆದರೂ ಎಳೆದಳು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ನಾನು ನಮ್ಮಜ್ಜಿಯ ಮಾತು ನಂಬುತ್ತೇನೆ.

ಗಂಡಸರು ನೀರಿನ ಕೊಡ ಹಿಡಿದು ಅಂಗಳದಿಂದ ಸುತ್ತುಹಾಕಿ ಹಿಂದಿನ ಬಾಗಿಲಿಗೆ ಓಡಿದರು. ಬನವ್ವ ಹಗ್ಗ ಬಿಡಲಿಲ್ಲ. ಆಚೆ ಉರಿ ಬುಸುಗುಟ್ಟಿತು, ಈಚೆ ಕಂಬಳಿ ಬಿಸಿಯಾಯಿತು, ಹೊಗೆಯಾಡಿತು, ಹೊತ್ತಲಿಲ್ಲ. ಮಗ್ಗವೆಲ್ಲ ನಿಂತಿದ್ದವು.

ಆಗ ಮುಂಬಾಗಿಲಲ್ಲಿ ಕಾಳಿಂಗಪ್ಪ ಬಂದು ನಿಂತ. ಮೈಯೆಲ್ಲ ಮಸಿ. ಬನವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಮೀಸಿ ಎಲ್ಲಿ ಹೋತ್ರಿ?”

“ಬೆಳೀತದ ಬಿಡು” ಅಂದ ಅವ. “ನೀ ಮಾತು ಬಿಟ್ಟಿದ್ದಿ, ನಿದ್ದಿ ಹತ್ತಲಿಲ್ಲ. ನಸುಕಿನ್ಯಾಗ ಎದ್ದು ಕಟ್ಟಿಗಿ ತೆಗದೆ.”

ಆಗ ಅವಳು ಹಗ್ಗ ಬಿಟ್ಟು ಅಲ್ಲೇ ಕೂತಳು ಅಂತಾರೆ.

ಮುಂದೆ ಕಥೆ ಬೆಳೆಯಿತು. ಆ ಕಂಬಳಿ ದೇವಿಯೇ ನೇಯ್ದದ್ದು ಅಂದರು, ಆ ಹಗ್ಗ ಬನವ್ವನ ಜಡೆ ಅಂದರು. ಅನ್ನಲಿ. ಈಗ ಅಲ್ಲಿ ಕರೆಂಟಿನ ಮಗ್ಗ. ಹೊಗೆ ಕಂಡರೆ ತಾನೇ ಇಳಿಯುವ ಪರದೆ ಪೇಟೆಯಿಂದ ತಂದಿದ್ದಾರಂತೆ. ಆದರೂ ಅಮಾವಾಸ್ಯೆಗೆ ಅದನ್ನು ಇಳಿಸದೆ ಬಿಡುವುದಿಲ್ಲ. ಆ ವರ್ಷ ಮದುವೆಯಾದವನನ್ನು ಆಚೆ ನಿಲ್ಲಿಸುತ್ತಾರೆ, ಹೆಂಡತಿ ಈಚೆಯಿಂದ ಇಳಿಸುತ್ತಾಳೆ. ಅವನು ಹಿಂದಿನ ಬಾಗಿಲಿಂದ ಹೊರಬಿದ್ದು, ಸುತ್ತಿ ಬಂದು ಮುಂಬಾಗಿಲಲ್ಲಿ ಮುಖ ತೋರಿಸಬೇಕು. ಅಲ್ಲಿಯವರೆಗೆ ಅವಳು ಕೂರುವಂತಿಲ್ಲ, ಯಾರೂ ಪರದೆ ಎತ್ತುವಂತಿಲ್ಲ. ಮುಖ ಕಂಡ ಕೂಡಲೇ ಸಾಲಿಗೆ ಸಾಲೇ ಕೇಳುತ್ತದೆ, ಮೀಸಿ ಎಲ್ಲಿ ಹೋತ್ರಿ ಅಂತ. ಬಾಯಿಗೆ ಬೆಲ್ಲ ಬೀಳುವ ಮೊದಲು ಅವನು ಹೇಳಲೇಬೇಕು:

“ಬೆಳೀತದ ಬಿಡು.”