ಸೆರಗಿನ ಗಂಟಲ್ಲಿ ಹೊನ್ನಾಜಿಯ ನಗು

ಈ ಕಡೆ ತಿರುಗೇ ವೇಣಿ. ಗೋಡೆಗೆ ಮುಖ ಮಾಡಿ ಮಲಗಿದ್ರೆ ಗೋಡೆ ಕತೆ ಹೇಳುತ್ತಾ? ಗೊತ್ತು ಬಿಡು, ಇವತ್ತು ಬಂದ ನೆಂಟರೆಲ್ಲ ನಿನ್ನ ತಂಗಿ ಚಿನ್ನೂನೇ ಎತ್ತಿಕೊಂಡ್ರು, ಅವಳ ಕೆನ್ನೆನೇ ಹಿಂಡಿದ್ರು. ಅವಳು ಹಲ್ಲು ಬಿದ್ದ ಬಾಯಿ ತೆರೆದು ಕಿಲಕಿಲ ಅಂದ್ರೆ ಸಾಕು, ಮನೆಗೆ ಮನೆಯೇ ಕುಣಿಯುತ್ತೆ. ನೀನು ಓಡಾಡಿ ಎಲ್ಲರಿಗೂ ನೀರು ತಂದುಕೊಟ್ಟದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಕಣ್ಣಿಗೆ ಬಿತ್ತು. ಪೊರೆ ಬಂದ ಕಣ್ಣಾದ್ರೂ ಬಿತ್ತು. ಕಾಲು ಚಾಚು, ಹೊದಿಕೆ ಎಳ್ಕೋ, ಹೂಂ ಅಂತಿರು. ನಿನ್ನ ಹೂಂ ನಿಂತ್ರೆ ನನ್ನ ಕತೇನೂ ನಿಲ್ಲುತ್ತೆ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಮೂಡದ ಕಾಲದಲ್ಲಿ, ಒಂದು ಕೆರೆ ಇತ್ತಂತೆ, ಕೆರೆ ಕೆಳಗೆ ಒಂದು ಊರು, ಊರಿನ ಕೊನೇಲಿ ಒಂದು ಕುಂಬಾರರ ಮನೆ. ಆ ಮನೆ ಯಜಮಾನಿ ಹೆಸರು ದಾಸಮ್ಮ. ಅವಳಿಗೆ ಮೂವರು ಗಂಡುಮಕ್ಕಳು, ಮೂವರು ಸೊಸೆಯರು. ಗಂಡುಮಕ್ಕಳು ಬೆಳಗಾದ್ರೆ ತಿಗರಿ ಮುಂದೆ ಕೂತು ಮಣ್ಣು ತಿರುಗಿಸೋರು, ಸಂಜೆಯಾದ್ರೆ ಉಂಡು ಮಲಗೋರು, ಅವರ ಕತೆ ಅಷ್ಟೇ. ಸ್ವಾರಸ್ಯ ಇರೋದೆಲ್ಲ ಸೊಸೆಯರ ಕಡೆ.

ಹಿರೀ ಸೊಸೆ ಮಂಚಮ್ಮ. ಕೋಳಿಗಿಂತ ಮುಂಚೆ ಏಳೋಳು, ಮಣ್ಣು ತುಳಿಯೋಳು, ಬೂದಿ ಜರಡಿ ಹಿಡಿಯೋಳು, ಹಸಿ ಗಡಿಗೆ ತಳಾನ ಹಲಗೇಲಿ ತಟ್ಟಿ ತಟ್ಟಿ ಗುಂಡಗೆ ಮಾಡೋಳು. ಅವಳು ತಟ್ಟಿದ ಗಡಿಗೆ ಸೋರಿದ್ದನ್ನ ಊರಲ್ಲಿ ಯಾರೂ ಕಂಡಿರಲಿಲ್ಲ. ಅವಳು ನಕ್ಕಿದ್ದನ್ನೂ ಯಾರೂ ಕಂಡಿರಲಿಲ್ಲ. ನಡುವಿನೋಳು ಈರಕ್ಕ, ಭೂಮಿ ನಡುಗಿದ್ರೂ ಮಗ್ಗುಲು ಬದಲಿಸಿ ಮಲಗೋಳು. ಅವಳಿಂದ ಯಾರಿಗೂ ತೊಂದರೆಯಿಲ್ಲ, ಯಾರಿಗೂ ಉಪಯೋಗವೂ ಇಲ್ಲ. ಕಿರಿಯೋಳು ಹೊನ್ನಾಜಿ.

ಈ ಹೊನ್ನಾಜಿ ಇದಾಳಲ್ಲ, ನೀರು ತರ್ತೀನಿ ಅಂತ ಕೊಡ ಎತ್ತಿಕೊಂಡು ಹೋದ್ರೆ ಊಟದ ಹೊತ್ತಿಗೆ ಬರೋಳಂತೆ. ತಲೇಲಿ ಊರಿನ ಸುದ್ದಿಯೆಲ್ಲ ಇರೋದು, ಕೊಡದಲ್ಲಿ ನೀರಿರ್ತಿರಲಿಲ್ಲ. ಒಂದು ಗಡಿಗೆ ತಟ್ಟೋಕೆ ಕೂತಳು ಅಂದ್ರೆ ಅರ್ಧಕ್ಕೆ ಕರು ಕೂಗ್ತು ಅಂತ ಎದ್ದು ಓಡೋಳು, ಕರು ಹತ್ರ ಹೋದೋಳಿಗೆ ಬೇಲಿ ಮೇಲಿನ ಓತಿಕ್ಯಾತ ಕಾಣೋದು, ಅದರ ಹಿಂದೆ ಹೋದ್ರೆ ಆಚೆ ಮನೆ ಸೀಗೆಕಾಯಿ ಕುಟ್ಟೋರು ಸಿಗೋರು, ಆಮೇಲೆ ಗಡಿಗೆ ನೆನಪು ಯಾರಿಗೆ? ಸಾರಿಗೆ ಉಪ್ಪು ಹಾಕಿದ್ದು ಮರೆತು ಇನ್ನೊಂದು ಸಲ ಹಾಕಿ, ಬಾಯಿಗಿಟ್ಟು, ತಾನೇ ಮೊದಲು ನಗೋಳು. ನಗು ಅಂದ್ರೆ ಎಂಥಾದ್ದು, ಹಿತ್ತಲಲ್ಲಿ ನಕ್ಕರೆ ಬೀದಿ ಬಾಗಿಲಲ್ಲಿ ಹೋಗೋರು ಒಳಗೆ ಬಂದು ಏನಮ್ಮಾ ಅದು, ನಮಗೂ ಹೇಳು ಅನ್ನೋರಂತೆ.

ಮಂಚಮ್ಮನಿಗೆ ಇದನ್ನ ನೋಡಿದ್ರೆ ಹೊಟ್ಟೆ ಒಳಗೆ ಸೌದೆ ಒಟ್ಟಿದ ಹಾಗೆ ಆಗೋದು. ನಾನು ಬೆನ್ನು ಮುರಿದು ದುಡಿದ್ರೆ ಒಬ್ಬರೂ ಮಂಚಮ್ಮಾ ಅನ್ನಲ್ಲ, ಇವಳು ಉಪ್ಪು ಸುರಿದ್ರೆ ಊರೆಲ್ಲ ನಮ್ಮ ಹೊನ್ನಿ ಅನ್ನುತ್ತೆ. ಎಲ್ಲಕ್ಕಿಂತ ಸಂಕಟ ಅಂದ್ರೆ, ಜನ್ಮದಲ್ಲಿ ನಗದ ಅತ್ತೆ ದಾಸಮ್ಮ ಕೂಡ ಹೊನ್ನಾಜಿ ಬಂದ್ರೆ ವಸಡು ಕಾಣೋ ಹಾಗೆ ಬಾಯಿ ಬಿಡೋಳಂತೆ.

ಒಂದು ದಿನ ತಡೀಲಾರದೆ ಮಂಚಮ್ಮ ಅವಳನ್ನ ಹಿಡಿದು ಬೈದಳಂತೆ, ಸೋಮಾರಿ, ಮರೆಗುಳಿ, ನಿನ್ನ ತಲೇಲಿ ಇರೋದು ಮಿದುಳಲ್ಲ ಹೊಟ್ಟು ಅಂತ. ಹೊನ್ನಾಜಿ ಗೊಳೋ ಅಂತ ಅತ್ತಳು. ಮಂಚಮ್ಮನಿಗೆ ಸ್ವಲ್ಪ ತಂಪಾಯ್ತು. ಆದ್ರೆ ಕಣ್ಣೀರು ಗಲ್ಲ ದಾಟೋಕೆ ಮುಂಚೆ ಹೊನ್ನಾಜಿ ಮಡಿಲು ಬಿಚ್ಚಿ, ಅಕ್ಕಾ, ಹುಣಸೆ ಚಿಗುರು ತಂದಿದೀನಿ, ತಿಂತೀಯಾ? ಅಂದಳಂತೆ. ನೋಡು, ನಾನು ಕಷ್ಟಪಟ್ಟು ಬೈದ ಬೈಗುಳಾನೂ ಇವಳ ಹತ್ರ ನಿಲ್ಲಲ್ವಲ್ಲ ಅಂತ ಮಂಚಮ್ಮನಿಗೆ ಇನ್ನೂ ಉರಿ.

ಆ ಮನೇಲಿ ಒಂದು ಪದ್ಧತಿ ಇತ್ತಂತೆ. ಆವಿಗೆ ಅಂದ್ರೆ ಗೊತ್ತಲ್ಲ, ಹಸಿ ಮಡಕೆ ಸುಡೋ ಗೂಡು. ಆವಿಗೆ ಬಿಚ್ಚಿದ ದಿನ ಮೊದಲು ಹೊರಗೆ ಬಂದ ಗಡಿಗೆಯನ್ನ ಮನೆ ಯಜಮಾನಿ ಬೆರಳು ಮಡಿಸಿ ಬಡೀಬೇಕು. ಟಣ್ ಅಂದ್ರೆ ಚೆನ್ನಾಗಿ ಬೆಂದಿದೆ, ಬದ್ ಅಂದ್ರೆ ಎಲ್ಲೋ ಬಿರುಕಿದೆ. ಅವಳು ಬಡಿಯೋ ತನಕ ಮಿಕ್ಕಿದ್ದನ್ನ ಯಾರೂ ಮುಟ್ಟೋ ಹಾಗಿಲ್ಲ. ದಾಸಮ್ಮನ ಬೆರಳು ಊದಿಕೊಂಡಿತ್ತು, ಅವಳು ಹೇಳಿದಳಂತೆ, ನನ್ನ ಕೈ ಸೋತಿತು ಕಣ್ರಮ್ಮ, ಈ ಸಲದ ಆವಿಗೆಗೆ ನಿಮ್ಮಲ್ಲಿ ಒಬ್ಬಳು ಬಡೀಲಿ, ಯಾರು ಅಂತ ಅವತ್ತೇ ಹೇಳ್ತೀನಿ.

ಹೇಳುವಾಗ ಅತ್ತೆಯ ಕಣ್ಣು ಹೊನ್ನಾಜಿ ಕಡೆ ಹೋಯ್ತು. ಹೋಯ್ತೋ ಇಲ್ವೋ, ಮಂಚಮ್ಮನಿಗೆ ಹಾಗೆ ಕಾಣಿಸ್ತು.

ಮಂಚಮ್ಮ ನೆಟ್ಟಗೆ ಕೆರೆ ಏರಿಗೆ ಹೋದಳಂತೆ. ಅಲ್ಲಿ ಹುತ್ತದ ಪಕ್ಕ ಒಬ್ಬ ಮುದುಕಿ ಕೂತಿರ್ತಿದ್ದಳು, ಅವಳು ಯಾವ ಊರೋಳೋ, ಮನುಷ್ಯಳೋ ಅಲ್ವೋ ಯಾರಿಗೂ ಗೊತ್ತಿಲ್ಲ. ಹೆದರಬೇಡ, ಒಳ್ಳೆಯೋಳೇ. ಮೊದಲು ನನ್ನ ಬೆನ್ನು ಕೆರೆಯೇ, ಆಮೇಲೆ ನಿನ್ನ ಕಷ್ಟ ಹೇಳು ಅಂದಳಂತೆ. ಮಂಚಮ್ಮ ಬೆನ್ನು ಕೆರೆದು, ನನಗೆ ಹೊನ್ನಾಜಿಯ ನಗು ಬೇಕು ಅಂದಳು. ಅದಕ್ಕೇನು, ಅವಳು ನಗುವಾಗ ಸೆರಗೊಡ್ಡಿ ಗಂಟು ಹಾಕು, ಒಂದು ಗಂಟಲ್ಲಿ ಮೂರು ನಗು ಹಿಡಿಯುತ್ತೆ, ಬೇಕಾದಾಗ ಸಡಿಲಿಸಿ ನಗು ಅಂದಳು ಮುದುಕಿ. ಆದ್ರೆ ಮೂರನೇದನ್ನೂ ನೀನೇ ನಕ್ಕುಬಿಟ್ರೆ ಆ ನಗು ನಿಂದೂ ಅಲ್ಲ ಅವಳದೂ ಅಲ್ಲ, ಗಾಳಿ ಪಾಲು. ಅವಳ ಕಿವಿ ಹತ್ರ ಬಿಚ್ಚಿದ್ರೆ ಅವಳದು ಅವಳಿಗೆ ಹೋಗುತ್ತೆ. ಆಮೇಲೆ ಮುದುಕಿ ಕೇಳಿದಳಂತೆ, ಬರೀ ನಗು ಸಾಕೇನೇ? ನಗುವಿನ ಜೊತೆ ಅವಳ ಮರೆವೂ ಇದೆ, ತಗೋತೀಯಾ? ಥೂ, ಆ ಮರೆವು ಯಾರಿಗೆ ಬೇಕು, ಅದನ್ನ ಅವಳೇ ಇಟ್ಕೊಳ್ಳಲಿ ಅಂತ ಮಂಚಮ್ಮ ಎದ್ದು ಬಂದಳು.

ಮಾರನೇ ದಿನ ಹುಂಜ ಹಾರಿ ಈರಕ್ಕನ ತಲೆ ಮೇಲೆ ಕೂತಿತು, ಈರಕ್ಕ ನಿದ್ದೆಗಣ್ಣಲ್ಲೇ ಮಳೆ ಬಂತಾ ಅಂದಳು, ಹೊನ್ನಾಜಿ ಹೊಟ್ಟೆ ಹಿಡ್ಕೊಂಡು ನಗೋಕೆ ಶುರುಮಾಡಿದಳು, ಮಂಚಮ್ಮ ಹಿಂದಿನಿಂದ ಸೆರಗೊಡ್ಡಿ ಬಿಗಿಯಾಗಿ ಗಂಟು ಹಾಕಿಬಿಟ್ಟಳಂತೆ. ನಗು ಬಿಕ್ಕಳಿಕೆ ಹಾಗೆ ನಡುವೆ ಕಡಿದುಹೋಯ್ತು. ಹೊನ್ನಾಜಿ ಒಂದು ಗಳಿಗೆ ಬಾಯಿ ತೆರೆದುಕೊಂಡೇ ಇದ್ದು, ಮುಚ್ಚಿ, ಸುಮ್ಮನೆ ಹೋಗಿ ಗಡಿಗೆ ತಟ್ಟೋಕೆ ಕೂತಳಂತೆ.

ಮಂಚಮ್ಮ ಕೊಡ ಎತ್ತಿಕೊಂಡು ಬಾವಿಗೆ ಹೋದಳು. ಗಂಟು ಸಡಿಲಿಸಿ ಒಂದು ನಗು ನಕ್ಕಳು ನೋಡು, ಹಗ್ಗ ಹಿಡಿದೋರು ಹಗ್ಗ ಬಿಟ್ಟರು, ಕೊಡ ಹೊತ್ತೋರು ಕೊಡ ಇಳಿಸಿದರು, ಅಯ್ಯೋ ಮಂಚಮ್ಮನೇ ಇದು! ಅಂತ ಸುತ್ತಲೂ ಮುತ್ತಿದರಂತೆ. ಒಬ್ಬಳು ತನ್ನ ಮುಡಿಯ ಕನಕಾಂಬರ ಕಿತ್ತು ಮುಡಿಸಿದಳು. ಮಂಚಮ್ಮನಿಗೆ ಸ್ವರ್ಗ. ಆಗ ಗಾಣದ ಮನೆ ಗೌರಕ್ಕ ನಗ್ತಾ ಬಂದು ಹೆಗಲ ಮೇಲೆ ಕೈಯಿಟ್ಟಳು. ಈ ಗೌರಕ್ಕ ಯಾವತ್ತೋ ಒಂದು ದಿನ, ಮಂಚಮ್ಮನ ಮುಖ ನೋಡಿದ್ರೆ ಹಾಲು ಒಡೆಯುತ್ತೆ ಅಂದಿದ್ದಳಂತೆ. ಹೊನ್ನಾಜಿಯಾಗಿದ್ರೆ ಅವತ್ತೇ ಮರೀತಿದ್ದಳು. ಮಂಚಮ್ಮ ಮರೆತಿರಲಿಲ್ಲ. ಬಾಯಿ ನಗ್ತಾ ಇತ್ತು, ನಾಲಿಗೆ ಅದರೊಳಗಿಂದಲೇ, ಏನು ಗೌರಕ್ಕ, ಇವತ್ತು ನಿಮ್ಮನೆ ಹಾಲು ಒಡೀಲಿಲ್ವಾ? ನಿಮ್ಮತ್ತೆ ಸೊಸೆ ಮುಖ ನೋಡದೇ ಕಾಯಿಸಿದರೇನೋ ಅಂತು. ಗೌರಕ್ಕನ ಕೈ ಹೆಗಲಿಂದ ಇಳೀತು. ಓ, ಇವಳು ನಗ್ತಾ ಇರೋದು ನಮ್ಮನ್ನ ಆಡಿಕೊಳ್ಳೋಕೆ ಅಂತ ಒಬ್ಬೊಬ್ಬರೇ ಕೊಡ ಎತ್ತಿಕೊಂಡು ಹೊರಟರಂತೆ. ಒಂದು ನಗು ಖರ್ಚು.

ಆಮೇಲೆ ಆಚೆ ಮನೇಲಿ ತೊಟ್ಟಿಲು ಶಾಸ್ತ್ರ ಬಂತು. ಮಂಚಮ್ಮ ಅಲ್ಲಿಗೂ ಹೋಗಿ ಗಂಟು ಸಡಿಲಿಸಿದಳು. ಎರಡನೇ ನಗು ಮೊದಲನೇದಕ್ಕಿಂತ ಚೆಂದ ಬಂತಂತೆ, ಸೋಬಾನೆ ಹೇಳೋರು ಹಾಡು ಮರೆತರು. ಆದ್ರೆ ಹೊನ್ನಾಜಿಯ ನಗುವಿನ ಬೆನ್ನಿಗೇ ಹೊನ್ನಾಜಿಯ ಮಾತೂ ಬಂತು. ನಿಂಗೊಂದು ಬಾನಿ ಮಾಡ್ಕೊಡ್ತೀನಿ ಅಕ್ಕಾ, ನಿಂಗೊಂದು ಒಲೆ, ಪುಟ್ಟೀ ನಿಂಗೊಂದು ಆನೆ ಗೊಂಬೆ, ಅಜ್ಜೀ ನಿಮಗೆ ಸುಣ್ಣದ ಕುಡಿಕೆ ಅಂತ ಬಾಯಿ ಸುಮ್ಮನೆ ಹಂಚಿಕೊಂಡು ಹೋಯ್ತು. ಹೊನ್ನಾಜಿ ಮಾತು ಕೊಟ್ಟಿದ್ರೆ ಜನ ಆ ಕ್ಷಣಕ್ಕೆ ಖುಷಿಪಟ್ಟು ಮರೀತಿದ್ದರು. ಕೊಟ್ಟದ್ದು ಮಂಚಮ್ಮ. ಮಂಚಮ್ಮನ ಮಾತು ಅಂದ್ರೆ ಕಲ್ಲಿನ ಮೇಲೆ ಕೊರೆದ ಹಾಗೆ. ಬೆಳಗಾಗೋ ಹೊತ್ತಿಗೆ ಬಾಗಿಲ ಮುಂದೆ ಬೀದಿಗೆ ಬೀದಿಯೇ ನಿಂತಿತ್ತು, ಎಲ್ಲಿ ಮಂಚಮ್ಮಾ ನನ್ನ ಬಾನಿ, ಎಲ್ಲಿ ನನ್ನ ಒಲೆ! ಇನ್ನೂ ಮಾಡಿಲ್ಲ ಅಂದ್ರೆ, ಹಂಗಾದ್ರೆ ಯಾಕೆ ಹೇಳಿದೆ ಅಂತ ಮುಖ ಊದಿಸಿಕೊಂಡು ಹೋದರಂತೆ.

ಮನೇಲಿ ನೋಡಿದ್ರೆ ಹೊನ್ನಾಜಿ ಕುಳಿತ ಜಾಗ ಬಿಟ್ಟು ಏಳ್ತಿಲ್ಲ, ಸಾರಿಗೆ ಉಪ್ಪು ಸರಿಯಾಗಿ ಹಾಕ್ತಾಳೆ. ನಾನು ಬೇಡಿಕೊಂಡದ್ದು ಇದೇ ತಾನೇ ಅಂತ ಮಂಚಮ್ಮ ಅಂದುಕೊಂಡಳು. ಆದ್ರೆ ಅತ್ತೆ ಎರಡು ತುತ್ತಿಗೆ ಕೈ ತೊಳೀತಿದ್ದಳು, ಈರಕ್ಕನಿಗೂ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ, ಆ ಮನೆ ಹೊಸಲು ತುಳಿಯೋರು ಇರಲಿಲ್ಲ. ಆದ್ರೂ ಮಂಚಮ್ಮ ಗಂಟು ಬಿಚ್ಚಲಿಲ್ಲ. ಮೂರನೇ ನಗೂನ ಆವಿಗೆ ಬಿಚ್ಚೋ ದಿನಕ್ಕೆ ಜೋಪಾನ ಮಾಡಿದಳು. ಅತ್ತೆ ಎದುರಿಗೆ ಅದನ್ನ ನಕ್ಕರೆ, ಅವರು ವಸಡು ಕಾಣೋ ಹಾಗೆ ನನ್ನ ಕಡೆ ಬಾಯಿ ಬಿಟ್ಟರೆ, ಮೊದಲ ಗಡಿಗೆ ನಂದೇ ಅಂತ.

ಏನು? ಆ ನಗೂನ ಹೊನ್ನಾಜಿಗೆ ವಾಪಸು ಕೊಡಲೇಬಾರದು ಅಂತೀಯಾ? ತಡಿಯೇ, ನೀನೂ ಮಂಚಮ್ಮನ ಕಡೆಯೋಳೇ ಬಿಡು.

ಆವಿಗೆ ಒಟ್ಟೋ ದಿನ ಬಂತು. ಹಸಿ ಮಡಕೆಗಳೆಲ್ಲ ಅಂಗಳದ ತುಂಬ ಒಣಗೋಕೆ ಇಟ್ಟಿದ್ದವು, ಗಂಡಸರು ಸೌದೆಗೆ ಅಂತ ಕಾಡಿನ ಕಡೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಕೆರೆ ಮೇಲಿಂದ ಎಮ್ಮೆ ಹಿಂಡಿನ ಹಾಗೆ ಮೋಡ ಬಂತಂತೆ. ಹಸಿ ಮಡಕೆ ಮೇಲೆ ಮಳೆ ಬಿದ್ದರೆ ಏನಾಗುತ್ತೆ ಹೇಳು? ಮಡಕೆ ಮತ್ತೆ ಮಣ್ಣಾಗುತ್ತೆ. ಮಂಚಮ್ಮ ತುಳಿದ ಮಣ್ಣು, ತಟ್ಟಿದ ಗಡಿಗೆ, ಅವಳ ವರ್ಷದ ಬೆವರೆಲ್ಲ ಅಂಗಳದಲ್ಲಿ ಕೂತಿತ್ತು. ಬನ್ರಮ್ಮಾ, ಕೈ ಹಾಕ್ರಮ್ಮಾ ಅಂತ ಬೀದಿಗೆ ಓಡಿ ಕೂಗಿದಳು. ಒಂದು ಬಾಗಿಲೂ ತೆರೀಲಿಲ್ಲ. ಗೌರಕ್ಕ ಕಿಟಕಿಯಿಂದಲೇ, ಕರೆದು ಆಡಿಕೊಳ್ಳೋಕಾ? ಹೋಗಮ್ಮ ಅಂದಳಂತೆ. ಮೊದಲ ಹನಿ ಮಂಚಮ್ಮನ ಮೂಗಿನ ಮೇಲೆ ಬಿತ್ತು.

ಅವಳು ಸೆರಗಿನ ಗಂಟು ಹಿಡಿದು ನಿಂತಳು. ನಕ್ಕುಬಿಡಲಾ? ನಕ್ಕರೂ ಈ ಜನ ಬರೋ ಹಾಗಿಲ್ಲ. ಇಟ್ಟುಕೊಂಡರೆ ಮೊದಲ ಗಡಿಗೆ ಬಡಿಯೋ ಕೈ ನಂದು. ಆದ್ರೆ ಮಡಕೆಯೇ ಇಲ್ಲದಿದ್ದರೆ ಬಡಿಯೋದು ಏನನ್ನ, ನನ್ನ ಹಣೇನಾ? ಹಲ್ಲು ಕಚ್ಚಿಕೊಂಡು ಒಳಗೆ ಹೋಗಿ, ಹೊನ್ನಾಜಿ ಪಕ್ಕ ಕುಕ್ಕರಿಸಿ, ಅವಳ ಕಿವಿ ಹತ್ರ ಗಂಟು ಬಿಚ್ಚಿದಳಂತೆ. ಇದು ನಿಂದು ಕಣೇ, ನಾನು ಕದ್ದಿದ್ದೆ.

ನಗು ಒಳಗೆ ಹೋಯ್ತು, ಆದ್ರೆ ಮೊದಲು ಬಂದದ್ದು ಅಳು. ಹೊನ್ನಾಜಿ ಗೊಳೋ ಅಂತ, ಅಯ್ಯೋ ಅಕ್ಕಾ, ಕೇಳಿದ್ರೆ ಕೊಡ್ತಿದ್ನಲ್ಲೇ ಅಂತ ಅತ್ತಳು. ನನಗೇ ನಿನ್ನ ಕಂಡು ಹೊಟ್ಟೆಕಿಚ್ಚು, ಅತ್ತೆ ಬೀಗದ ಕೈ ಎಲ್ಲ ನಿನ್ನ ಕೈಗೆ ಕೊಡ್ತಾರೆ, ನನಗೆ ಒಂದೂ ನಂಬಿ ಕೊಡಲ್ಲ ಅಂದಳು. ಕಣ್ಣೀರು ಗಲ್ಲ ದಾಟಿರಲಿಲ್ಲ, ಮೂಗು ಒರೆಸಿಕೊಂಡು ಕೇಳಿದಳಂತೆ, ಅದಿರಲಿ ಅಕ್ಕಾ, ನನ್ನ ನಗು ನಿನ್ನ ಬಾಯಲ್ಲಿ ಹೆಂಗಿತ್ತು? ಕೇಳಿ ತಾನೇ ಕಿಲಕಿಲ ಅಂದಳು. ಮಂಚಮ್ಮ, ಆಮೇಲೆ ನಗುವಂತೆ, ಮಳೆ ಕಣೇ, ಓಡು! ಅಂದಳು.

ಹೊನ್ನಾಜಿ ಸೀರೆ ಎತ್ತಿ ಕಟ್ಟಿ ಬೀದಿಗೆ ಹಾರಿದಳು. ಆ ನಗು ಕೇಳಿದ್ದೇ ತಡ, ನಮ್ಮ ಹೊನ್ನಿ ಬಂದಳು ಅಂತ ಬಾಗಿಲೆಲ್ಲ ಪಟಪಟ ತೆಗೆದುಕೊಂಡವಂತೆ. ಗೌರಕ್ಕನೇ ಎಲ್ಲರಿಗಿಂತ ಮುಂದೆ. ಆದ್ರೆ ಹೊನ್ನಾಜಿ? ಜನ ಕರೆಯೋಕೆ ಹೋದೋಳು ಕೊನೇ ಮನೇಲಿ ನಾಯಿ ಮರಿ ಹಾಕಿದ್ದು ಕಂಡು ಅಲ್ಲೇ ಕೂತುಬಿಟ್ಟಳು! ಅಂಗಳದಲ್ಲಿ ನಿಂತು, ಬಾನಿ ಗಾಣದ ಮನೆಗೆ, ಹೂಜಿ ನಿಮ್ಮ ಜಗಲಿಗೆ, ಅದನ್ನ ಕಂಠ ಹಿಡಿದು ಎತ್ತಬೇಡ್ರಮ್ಮ ತಳ ಹಿಡೀರಿ ಅಂತ ಹೇಳಿದೋಳು ಮಂಚಮ್ಮ. ಮಳೆ ಜಡಿದು ಹೋದ ಮೇಲೆ ಯಾವ ಮಡಕೆ ಯಾರ ಮನೇಲಿದೆ ಅಂತ ಒಂದೂ ತಪ್ಪದೆ ನೆನಪಿಟ್ಟು ವಾಪಸು ತರಿಸಿದೋಳೂ ಮಂಚಮ್ಮನೇ. ದಾಸಮ್ಮ ಜಗಲಿ ಮೇಲೆ ಕೂತು ಎಲ್ಲಾನೂ ನೋಡ್ತಿದ್ದಳು.

ಆವಿಗೆ ಸುಟ್ಟರು, ಆರಿಸಿದರು, ಬಿಚ್ಚೋ ದಿನ ಬೀದಿಯೆಲ್ಲ ಅಂಗಳಕ್ಕೆ ಬಂತು. ಮೊದಲ ಗಡಿಗೆ ಹೊರಗೆ ಬಂತು. ಮಂಚಮ್ಮ ಹಿಂದೆ ಸರಿದು ಕಂಬಕ್ಕೆ ಒರಗಿದಳಂತೆ, ನನ್ನ ಹತ್ರ ಈಗ ಏನಿದೆ ಅಂತ. ದಾಸಮ್ಮ, ಎಲ್ಲಿ ಹೋಗ್ತೀಯೇ ಮಂಚೀ, ಬಾ, ಬಡಿ ಅಂದಳು. ಮಂಚಮ್ಮ ಬೆಪ್ಪಾಗಿ, ನಾನಾ ಅತ್ತೆ, ಅವಳಲ್ವಾ? ಅಂದಳು. ಜನ ಕರೆಯೋಕೆ ಅವಳು ಬೇಕು, ಬಂದ ಜನರ ಕೈಲಿ ಗಡಿಗೆ ಉಳಿಸೋಕೆ ನೀನು ಬೇಕು, ಬಡಿಯೇ ಸುಮ್ಮನೆ ಅಂದಳಂತೆ ದಾಸಮ್ಮ. ಮಂಚಮ್ಮ ಬೆರಳು ಮಡಿಸಿ ಬಡಿದಳು. ಟಣ್!

ಹೊನ್ನಾಜಿ ಕುಣಿದುಬಿಟ್ಟಳು. ಅಕ್ಕಾ ನಂದೊಂದು, ನಂದೊಂದು ಅಂತ ನುಗ್ಗಿ ಬಂದು ಅದೇ ಗಡಿಗೆಗೆ ಇಡೀ ಮುಷ್ಟಿಯಲ್ಲಿ ಗುದ್ದಿದಳು ನೋಡು, ಗಡಿಗೆ ಎರಡು ಹೋಳು! ಅಂಗಳಕ್ಕೆ ಅಂಗಳವೇ ತಿರುಗಿ ಮಂಚಮ್ಮನ ಮುಖ ನೋಡಿತು. ಮಂಚಮ್ಮ ಕೈಲಿ ಉಳಿದ ಬೋಕಿ ಚೂರು ನೋಡಿದಳು, ಹೊನ್ನಾಜಿಯ ತೆರೆದ ಬಾಯಿ ನೋಡಿದಳು. ಅವಳ ಹೊಟ್ಟೆ ತಳದಿಂದ ಏನೋ ಒಂದು ಸದ್ದು ಹೊರಟಿತು. ಮೊದಲು ಎಲ್ಲರೂ ಕೆಮ್ಮು ಅಂದುಕೊಂಡರಂತೆ. ದಪ್ಪಗೆ, ಗುಡುಗುಡು ಅಂತ, ಕಾಳು ತುಂಬಿಡೋ ದೊಡ್ಡ ವಾಡೇವಿನೊಳಗೆ ಕುಂಬಳಕಾಯಿ ಉರುಳಿದ ಹಾಗೆ. ಅದು ಹೊನ್ನಾಜಿಯ ನಗು ಅಲ್ಲ. ಅದು ಮಂಚಮ್ಮನದೇ. ಈರಕ್ಕ ಕೂಡ ಎದ್ದು ಕೂತು, ಯಾರೇ ಅದು ನಗೋದು, ಚೆನ್ನಾಗಿದೆ ಅಂದಳಂತೆ.

ಆವತ್ತಿಂದ ಆ ಮನೇಲಿ ಉಪ್ಪಿನ ಭರಣಿ ಮಂಚಮ್ಮನ ಕೈಲಿ, ಬೀದಿ ಬಾಗಿಲು ಹೊನ್ನಾಜಿ ಕೈಲಿ. ಮಂಚಮ್ಮನಿಗೆ ಹೊಟ್ಟೆಕಿಚ್ಚು ಹೋಯ್ತಾ ಅಂತ ಕೇಳ್ತೀಯಾ? ಎಲ್ಲಿ ಹೋಗುತ್ತೆ, ಒಂದೊಂದು ದಿನ ಹೊಗೆಯಾಡೋದು. ಹೊಗೆ ಎದ್ದಾಗೆಲ್ಲ ಅವಳು ಹೊನ್ನಾಜಿ ಹತ್ರ ಹೋಗಿ, ಎಲ್ಲೇ ಹುಣಸೆ ಚಿಗುರು ಅಂತ ಕೈ ಚಾಚೋಳಂತೆ.

ನೋಡು, ಚಿನ್ನು ನಿದ್ದೆಗಣ್ಣಲ್ಲೇ ನಿನ್ನ ಹೊಟ್ಟೆ ಮೇಲೆ ಕಾಲು ಹಾಕಿದಾಳೆ. ತಳ್ಳಬೇಡ. ಬೆಳಿಗ್ಗೆ ನನ್ನ ಎಲೆಯಡಿಕೆ ಚೀಲ ಎಲ್ಲೋ ಅಡಗಿಸಿ ಮರೆತುಬಿಟ್ಟಿರ್ತಾಳೆ, ಅದನ್ನ ಹುಡುಕಿಕೊಡೋಕೆ ನೀನೇ ಬೇಕು ನನಗೆ. ಏನದು, ನಕ್ಕೆಯಾ? ಎಲ್ಲಿ, ಇನ್ನೊಂದು ಸಲ... ಹೂಂ ನಿಂತಿತು. ಸರಿ, ಗಡಿಗೆ ಬೋರಲು ಹಾಕಿದೆ, ದೀಪ ಸಣ್ಣ ಮಾಡಿದೆ, ಕತೆ ಮುಗೀತು.